ಫ್ಲೆಕ್ಸಿನಲ್ಲಿ ಉಳಿದ ಸೀರೆಯ ಅಂಚು: ನಮ್ಮೂರ ಸನ್ಮಾನ ಸಮಿತಿಗೆ ಒಂದು ಬಹಿರಂಗ ಪತ್ರ

ಸನ್ಮಾನ ಸಮಿತಿಯ ಹಿರಿಯರಿಗೆ, ಯುವಕ ಮಂಡಲದ ಹುಡುಗರಿಗೆ, ಕಾಸರಗೋಡಿನ ಪೆರ್ಲದ ಸುತ್ತಮುತ್ತಲಿನ ಎಲ್ಲ ಊರವರಿಗೆ ನಮಸ್ಕಾರ.

ಮೊನ್ನೆ ಸಂಜೆ ಸೊಸೈಟಿಗೆ ಹಾಲು ಹಾಕಿ ಬರುವಾಗ ನನ್ನ ಸನ್ಮಾನಕ್ಕೆ ನೀವು ಕಟ್ಟಿದ ಫ್ಲೆಕ್ಸ್ ಕಂಡಿತು. ಎರಡು ಅಡಿಕೆ ಮರದ ಕಂಬಕ್ಕೆ ಬಿಗಿದಿದ್ದೀರಿ. ಗಾಳಿಗೆ ಹರಿಯದ ಹಾಗೆ ಅಲ್ಲಲ್ಲಿ ತೂತು ಕೂಡ ಮಾಡಿದ್ದೀರಿ. ಅಚ್ಚುಕಟ್ಟಾದ ಕೆಲಸ. ಬಲಗಡೆ ಬೆಂಕಿ ಉಗುಳುತ್ತಾ ಮೇಲೇರುವ ರಫೇಲ್ ಯುದ್ಧವಿಮಾನ. ಎಡಗಡೆ ನಾನು. ಕೆಳಗೆ ಮೊಳದುದ್ದದ ಅಕ್ಷರದಲ್ಲಿ ‘ಗಡಿನಾಡಿನ ಗಂಡುಗಲಿ’.

ಆ ಫೋಟೋ ನನ್ನ ತಮ್ಮನ ಮಗಳ ಮದುವೆಯದ್ದು, ಅಲ್ವಾ? ಹತ್ತಿರ ಹೋಗಿ ನೋಡಿದೆ. ನನ್ನ ಭುಜದ ಪಕ್ಕ ಬೆರಳಗಲದ ಒಂದು ಹಸಿರು ಪಟ್ಟಿ ಇದೆ. ಅದು ನನ್ನ ಹೆಂಡತಿಯ ಸೀರೆಯ ಅಂಚು. ಅವಳನ್ನು ಕತ್ತರಿಸಿ ತೆಗೆಯುವಾಗ ಅಷ್ಟು ಉಳಿದುಹೋಗಿದೆ.

ಸಮಿತಿಯ ಮೀಟಿಂಗಿನಲ್ಲಿ ಹೇಳೋಣ ಅಂತ ಇದ್ದೆ. ಅಲ್ಲಿ ಹೇಳಿದರೆ ನೀವು ನಕ್ಕು, ಚಾ ಕುಡಿಸಿ ಕಳಿಸುತ್ತೀರಿ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ವಿಮಾನದ ವಿಷಯ ಮುಗಿಸಿಬಿಡುತ್ತೇನೆ. ನಾನು ರಫೇಲ್ ಓಡಿಸಿಲ್ಲ, ಮುಟ್ಟಿಯೂ ಇಲ್ಲ. ವಾಯುಪಡೆಯ ನನ್ನ 24 ವರ್ಷದ ಸೇವೆಯಲ್ಲಿ ಮುಕ್ಕಾಲು ಪಾಲು ಕಳೆದದ್ದು ಎಎನ್-32ರಲ್ಲಿ. ಉಕ್ರೇನಿನ ಕೀವ್‌ನಲ್ಲಿ ತಯಾರಾದ ವಿಮಾನ ಅದು. 1984ರಿಂದ ನಮ್ಮ ವಾಯುಪಡೆಯಲ್ಲಿದೆ. ರೆಕ್ಕೆಯ ಮೇಲೆ ಎರಡು ದೊಡ್ಡ ಎಂಜಿನ್, ಮುಂದೆ ಪಂಖ, ಹಿಂದೆ ಲಾರಿಯ ಹಾಗೆ ಬಾಗಿಲು. ಆರೂವರೆ ಟನ್ ಸಾಮಾನು ಹೊರುತ್ತದೆ. ಒಳಗೆ ಕೂತರೆ ಪಕ್ಕದವನ ಮಾತು ಕೇಳುವುದಿಲ್ಲ. ಅದನ್ನು ಚೆಂದ ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ. ಅಕ್ಕಿ, ಆಲೂಗೆಡ್ಡೆ, ಸೀಮೆಎಣ್ಣೆ, ಟಪಾಲು, ರಜೆ ಮುಗಿಸಿ ಮುಖ ಸಣ್ಣ ಮಾಡಿಕೊಂಡು ಹೊರಟ ಜವಾನರು, ಕೆಲವೊಮ್ಮೆ ಧ್ವಜ ಹೊದಿಸಿದ ಪೆಟ್ಟಿಗೆ. ಇವೇ ನನ್ನ ಲೋಡು. ಪೆರ್ಲ ಪೇಟೆಯ ಲೆಕ್ಕದಲ್ಲಿ ನಾನು ಲಾರಿ ಡ್ರೈವರ್. ಬೇಜಾರಿನಿಂದ ಹೇಳುತ್ತಿಲ್ಲ, ಒಳ್ಳೆ ಡ್ರೈವರ್ ಆಗಿದ್ದೆ.

ಚಂಡೀಗಢದಲ್ಲಿ ಇದ್ದಾಗ ರಾತ್ರಿ ಮೂರಕ್ಕೇ ಏಳಬೇಕಿತ್ತು. ಲೇಹ್‌ನ ರನ್‌ವೇ ಸಮುದ್ರ ಮಟ್ಟದಿಂದ 10,682 ಅಡಿ ಎತ್ತರದಲ್ಲಿದೆ. ಅಲ್ಲಿ ಗಾಳಿ ಮೊದಲೇ ತೆಳು. ಬಿಸಿಲು ಏರಿದ ಹಾಗೆ ಇನ್ನೂ ತೆಳುವಾಗುತ್ತದೆ, ಎಂಜಿನ್ನಿನ ಜೋರು ಇಳಿಯುತ್ತದೆ. ಮಧ್ಯಾಹ್ನ ಕಣಿವೆಯಲ್ಲಿ ಗಾಳಿ ಬೀಸಲು ಶುರು. ಹಾಗಾಗಿ ಎಲ್ಲ ಕೆಲಸ ಬೆಳಿಗ್ಗೆಯೇ ಮುಗಿಯಬೇಕು. ಸೂರ್ಯ ಹುಟ್ಟುವಾಗ ಹಿಮದ ಮೇಲೆ ಬೀಳುವ ಕೆಂಪು ನೋಡಿದರೆ ಸಂಬಳ ಕೊಡದಿದ್ದರೂ ಪರವಾಗಿಲ್ಲ ಅನಿಸುತ್ತಿತ್ತು. ಹತ್ತು ಗಂಟೆಗೆ ವಾಪಸ್. ಹನ್ನೊಂದಕ್ಕೆ ತರಕಾರಿ ಗಾಡಿಯ ಎದುರು ನಿಂತು ಕೊತ್ತಂಬರಿ ಸೊಪ್ಪಿಗೆ ಚೌಕಾಸಿ. ಹಿಮಾಲಯ ದಾಟಿ ಬಂದವನು ಅಂತ ಆ ಗಾಡಿಯವನು ಒಂದು ಕಟ್ಟು ಜಾಸ್ತಿ ಕೊಟ್ಟದ್ದಿಲ್ಲ.

ಯುದ್ಧವಿಮಾನದ ಚಿತ್ರವೇ ಬೇಕು ಅಂತಿದ್ದರೆ ಒಬ್ಬರ ಹೆಸರು ಹೇಳುತ್ತೇನೆ. ನಮ್ಮ ಪಯಸ್ವಿನಿ ಹುಟ್ಟುವ ಕೊಡಗಿನವರು, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೋದವರು. ಅವರದ್ದು ಮಿಸ್ಟೇರ್. ಎದುರಿಗೆ ಬಂದದ್ದು ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್. ಅದನ್ನು ಕೆಡವಿ, ತಾನೂ ಮರಳಲಿಲ್ಲ. ಏನಾಯಿತು ಅಂತ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಕಳೆದ ಮೇಲೆ. ಹೋಗಿ ಅದನ್ನು ಪಡೆದವರು ಅವರ ಹೆಂಡತಿ. ಗಂಡುಗಲಿ ಅನ್ನುವ ಶಬ್ದ ಅಂಥವರಿಗೆ ಇರಲಿ.

ಇನ್ನು ನನ್ನ ಕಥೆ. ‘ಬಾಲ್ಯದಿಂದಲೇ ಆಕಾಶದ ಕನಸು ಕಂಡವರು’ ಅಂತ ಆಮಂತ್ರಣದಲ್ಲಿ ಹಾಕಿದ್ದೀರಿ. ಸರಿ, ಕಂಡೆ. ಎಲ್ಲಿಂದ ಬಂತು ಆ ಕನಸು ಅಂತ ನಿಮ್ಮಲ್ಲಿ ನನ್ನ ಪ್ರಾಯದವರಿಗೆ ಗೊತ್ತಿದೆ. ಆದರೆ ಯಾರೂ ಬಾಯಿ ಬಿಡುವುದಿಲ್ಲ.

1985ರಲ್ಲಿ ನಾನು ಐದನೇ ಕ್ಲಾಸು. ಮೇಲಿನ ಗುಡ್ಡೆಯ ಗೇರುತೋಟಕ್ಕೆ ಹೆಲಿಕಾಪ್ಟರ್ ಬರುತ್ತಿತ್ತು. ಶಬ್ದ ಕೇಳಿದರೆ ಸಾಕು, ಮಾಸ್ಟ್ರು ಬೆತ್ತ ಎತ್ತಿದರೂ ನಾವು ನಿಲ್ಲುತ್ತಿರಲಿಲ್ಲ. ಪದವಿನ ಮೇಲೆ ಓಡಿ, ಮುರಕಲ್ಲಿನ ಬಂಡೆ ಹತ್ತಿ ಕೈ ಬೀಸುವುದು. ಅದು ಎಷ್ಟು ಕೆಳಗೆ ಬರುತ್ತಿತ್ತು ಅಂದರೆ ಒಳಗೆ ಕೂತವನ ಕಪ್ಪು ಕನ್ನಡಕ ಕಾಣುತ್ತಿತ್ತು. ಹಿಂದಿನಿಂದ ಬಿಳಿ ಮಂಜು ಇಳಿಯುತ್ತಿತ್ತು. ಮುಖದ ಮೇಲೆ ತಣ್ಣಗೆ ಬಿದ್ದರೆ ಖುಷಿ. ಬಾವಿ ಮುಚ್ಚಿಕೊಳ್ಳಿ ಅಂತ ಮೊದಲೇ ಹೇಳಿ ಕಳಿಸುತ್ತಿದ್ದರು. ನಮ್ಮಲ್ಲಿ ಬಾವಿ ಎಲ್ಲಿತ್ತು? ನೀರು ಬರುತ್ತಿದ್ದದ್ದು ಗುಡ್ಡೆಯ ಹೊಟ್ಟೆಗೆ ಕೊರೆದ ಸುರಂಗದಿಂದ. ಅಲ್ಲಿಂದ ತೆರೆದ ಕಣಿಯಲ್ಲಿ ಹರಿದು ಮದಕಕ್ಕೆ. ಗುಡ್ಡೆಯನ್ನೇ ಹೇಗೆ ಮುಚ್ಚುವುದು? ಅಮ್ಮ ಮಾತ್ರ ಎರಡು ತೆಂಗಿನ ಮಡಲು ತಂದು ಕಣಿಗೆ ಅಡ್ಡ ಇಡುತ್ತಿದ್ದಳು.

ಅದು ಎಂಡೋಸಲ್ಫಾನ್, ಗೇರಿಗೆ ಹೊಡೆಯುವ ಕೀಟನಾಶಕ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಮೇಲಿನಿಂದ ಸುರಿದರು. ನಿಂತದ್ದು 2000ದಲ್ಲಿ. ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ. ಅದರಿಂದ ಬಾಧಿತರಾದವರಿಗೆ ತಲಾ 5 ಲಕ್ಷ ಪರಿಹಾರ ಕೊಡಿ ಅಂತ ಹೇಳಿದ್ದು 2017ರ ಜನವರಿಯಲ್ಲಿ. ಇದೆಲ್ಲ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ನನ್ನನ್ನು ಪೈಲಟ್ ಮಾಡಿದ್ದು ಆ ಹೆಲಿಕಾಪ್ಟರ್. ಇದನ್ನು ನಾನು ಯಾವ ವೇದಿಕೆಯಲ್ಲೂ ಹೇಳಿಲ್ಲ.

ಒಂದು ಮಾತು ಇಲ್ಲೇ ಸೇರಿಸುತ್ತೇನೆ. ವಿಮಾನ ಏಳುವ ಮೊದಲು ಪೈಲಟ್ ಕೈಗೆ ಲೋಡ್ ಶೀಟ್ ಬರುತ್ತದೆ. ಒಳಗೆ ಏನಿದೆ, ಎಷ್ಟು ಭಾರ, ಎಲ್ಲಿ ಕಟ್ಟಿದ್ದಾರೆ ಎಲ್ಲ ಅದರಲ್ಲಿರುತ್ತದೆ. ಓದಿ ಸಹಿ ಹಾಕಬೇಕು. ಸಾವಿರಾರು ಸಲ ಹಾಕಿದ್ದೇನೆ. ಎಷ್ಟೋ ಸಲ ಸಹಿ ಹಾಕುವಾಗ ಆ ಕಪ್ಪು ಕನ್ನಡಕದವನ ನೆನಪಾಗಿದೆ. ಅವನಿಗೂ ಹೆಂಡತಿ ಮಕ್ಕಳು ಇದ್ದಿರಬೇಕು. ನಾವು ಕೈ ಬೀಸಿದಾಗ ಒಂದು ಸಲ ಅವನೂ ಕೈ ಬೀಸಿದ್ದ. ಅವನ ಕೈಗೆ ಯಾವ ಕಾಗದ ಬಂದಿತ್ತೋ.

ಪೈಲಟ್ ಆದದ್ದು ಹೇಗೆ ಅಂತ ಮಕ್ಕಳು ಕೇಳುತ್ತಾರೆ. ಮನೆಯಲ್ಲಿ ಕನ್ನಡ, ಜಾಲಿನಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಇಂಗ್ಲಿಷ್ ಮಾತ್ರ ಪರೀಕ್ಷೆಗೆ. ಹಾಗೆಯೇ ಹೋದೆ ಮೈಸೂರಿನ ಸೆಲೆಕ್ಷನ್ ಬೋರ್ಡಿಗೆ. ಗುಂಪು ಚರ್ಚೆಯಲ್ಲಿ ಉಳಿದ ಹುಡುಗರು ಮಾತಾಡುವುದನ್ನು ಕೇಳಿಯೇ ಬೆವರಿದೆ. ಪೈಲಟ್ ಕೆಲಸಕ್ಕೆ ಕೈ ಕಾಲು ಹೊಂದುತ್ತದಾ ಅಂತ ನೋಡುವ ಒಂದು ಪರೀಕ್ಷೆ ಇದೆ. ಜೀವನದಲ್ಲಿ ಒಂದೇ ಸಲ ಬರೆಯಬಹುದು. ಫೇಲಾದರೆ ಮತ್ತೆ ಆ ಬಾಗಿಲು ಇಲ್ಲ. ಕೈಯಲ್ಲಿ ಒಂದು ಕೋಲು, ಕಾಲಲ್ಲಿ ಪೆಡಲು, ಎದುರಿಗೆ ಓಡಾಡುವ ಚುಕ್ಕಿ. ನನಗೆ ಅದು ಸುಲಭ ಅನಿಸಿತು. ಅಡಿಕೆ ಮರದ ತುದಿಯಲ್ಲಿ ತಳೆ ಬಿಗಿದು ಕೂತು, ಮರ ಬಾಗಿಸಿ ಪಕ್ಕದ ಮರಕ್ಕೆ ದಾಟುವವನಿಗೆ ಕೈ ಕಾಲು ಕಣ್ಣು ಒಟ್ಟಿಗೆ ಓಡದಿದ್ದರೆ ಆಗುತ್ತದಾ? ಬೆಂಗಳೂರಿನಲ್ಲಿ ಮೆಡಿಕಲ್, ಮೂರು ವರ್ಷ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಆಮೇಲೆ ಹೈದರಾಬಾದಿನ ಹತ್ತಿರ ದುಂಡಿಗಲ್‌ನ ವಾಯುಪಡೆ ಅಕಾಡೆಮಿ. ಅಪ್ಪ ಎಲ್ಲರ ಹತ್ತಿರ ಹೇಳುತ್ತಿದ್ದರು, ‘ಮರ ಹತ್ತುವವ ವಿಮಾನ ಹತ್ತಿದ, ಅಷ್ಟೇ. ಇಳಿಯಲಿಕ್ಕೆ ಕಲಿತರೆ ಸಾಕು.’

ಮದುವೆಗೆ ಹೆಣ್ಣು ಹುಡುಕುವಾಗ ಅಪ್ಪನ ಈ ತಮಾಷೆ ಯಾರಿಗೂ ನಗು ತರಿಸಲಿಲ್ಲ. ‘ಹುಡುಗನಿಗೆ ನೆಲದ ಮೇಲಿನ ಕೆಲಸ ಏನಾದರೂ ಸಿಗಬಹುದಾ?’ ಅಂತ ಒಬ್ಬರು ಕೇಳಿದ್ದರು. ಕೊನೆಗೆ ಒಪ್ಪಿದವಳು ವಿಟ್ಲದ ಹತ್ತಿರದವಳು. ನಮ್ಮ ಮನೆಯಿಂದ ಸಾರಡ್ಕದ ಗಡಿ ದಾಟಿದರೆ ಕರ್ನಾಟಕದಲ್ಲಿ ಅವಳ ತವರು. ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದಳು. ಮದುವೆಯಾದ ಮೇಲೆ ಒಂಬತ್ತು ಊರು, ಹದಿಮೂರು ಮನೆ. ಪ್ರತಿ ಊರಲ್ಲೂ ಕೆಲಸ ಹುಡುಕಿದಳು. ಸಿಕ್ಕಿ ಪರ್ಮನೆಂಟ್ ಆಗುವಷ್ಟರಲ್ಲಿ ನನ್ನ ಪೋಸ್ಟಿಂಗ್ ಬರುತ್ತಿತ್ತು. ನಾನು ಫ್ಲೈಯಿಂಗ್ ಆಫೀಸರ್‌ನಿಂದ ವಿಂಗ್ ಕಮಾಂಡರ್ ಆದೆ. ಅವಳು ಒಂಬತ್ತು ಸಲ ಹೊಸ ಟೀಚರ್ ಆದಳು.

ನಮ್ಮ ಚಾವಡಿಯಲ್ಲಿ ಆರು ಕಪ್ಪು ಕಬ್ಬಿಣದ ಪೆಟ್ಟಿಗೆ ಇವೆ, ನೋಡಿದ್ದೀರಿ. ಈಗ ಅದರಲ್ಲಿ ಕಾಳುಮೆಣಸು ತುಂಬಿಸಿದ್ದೇವೆ. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ನನ್ನ ಹೆಸರು, ನಂಬರು. ಒಳಗಿನ ಬದಿಯಲ್ಲಿ ಅವಳ ಬರಹ. ‘3: ಅಡಿಗೆ, ದೇವರ ದೀಪ, ಮಗುವಿನ ಸ್ವೆಟರ್. ಮೊದಲು ತೆರೆಯುವುದು.’ ಹೊಸ ಕ್ವಾರ್ಟರ್ಸಿಗೆ ಹೋದ ರಾತ್ರಿ ನಾನು ಹೆಚ್ಚಾಗಿ ಇರುತ್ತಿರಲಿಲ್ಲ, ಸ್ಕ್ವಾಡ್ರನ್‌ಗೆ ರಿಪೋರ್ಟ್ ಮಾಡಿ ಎಲ್ಲಿಗಾದರೂ ಹೋಗಿರುತ್ತಿದ್ದೆ. ಮೂರನೇ ಪೆಟ್ಟಿಗೆ ಅವಳೇ ತೆರೆದು ದೀಪ ಹಚ್ಚುತ್ತಿದ್ದಳು. ಮಗಳು ಹುಟ್ಟಿದಾಗ ನಾನು ಜೋರ್ಹಾಟ್‌ನಲ್ಲಿದ್ದೆ. ನಲವತ್ತನೇ ದಿನ ಮುಖ ನೋಡಿದೆ. ಅದು ನನ್ನನ್ನು ನೋಡಿ ಅತ್ತಿತು. ನ್ಯಾಯವೇ.

ಮಕ್ಕಳ ಕನ್ನಡದ ಕಥೆ ಬೇರೆ. ಕೇಂದ್ರೀಯ ವಿದ್ಯಾಲಯಗಳಲ್ಲಿ ಹಿಂದಿ, ಸಂಸ್ಕೃತ. ಮಗ ನಾಲ್ಕು ವರ್ಷಕ್ಕೆ ಪಂಜಾಬಿಯಲ್ಲಿ ಜಗಳ ಆಡುತ್ತಿದ್ದ. ನನ್ನ ಅಮ್ಮ ಇಲ್ಲಿಂದ ಇನ್‌ಲ್ಯಾಂಡ್ ಲೆಟರಿನಲ್ಲಿ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದು ಕಳಿಸುತ್ತಿದ್ದಳು, ‘ದನ ಕರು ಹಾಕಿತು. ಕರು ಕೆಂಪು.’ ಅದೇ ಅವರ ಕನ್ನಡ ಪಾಠ. ನನ್ನ ಮಗ ಈಗಲೂ ‘ಕರು’ ಅಂತ ಬರೆಯುವಾಗ ರು ಅಕ್ಷರ ಅಮ್ಮನ ಹಾಗೆಯೇ ಸ್ವಲ್ಪ ವಾಲಿಸುತ್ತಾನೆ.

ಹೆದರಿಕೆ ಆಗುತ್ತಿರಲಿಲ್ಲವಾ ಅಂತ ನೀವು ಕೇಳುತ್ತೀರಿ. ನನಗೆ ಜಾಸ್ತಿ ಹೆದರಿಕೆ ಇದ್ದದ್ದು ವರ್ಷಕ್ಕೊಮ್ಮೆ ಬರುವ ಮೆಡಿಕಲ್‌ಗೆ. ಬಿಪಿ ಸ್ವಲ್ಪ ಏರಿದರೂ ನೆಲಕ್ಕೆ ಕೂರಿಸುತ್ತಾರೆ. ಉಳಿದ ಹೆದರಿಕೆಯನ್ನು ಮನೆಯಲ್ಲಿ ಬಿಟ್ಟು ಹೋಗುತ್ತಿದ್ದೆ. ಅದನ್ನು ಅವಳು ನೋಡಿಕೊಳ್ಳುತ್ತಿದ್ದಳು. ಹೊರಟವರು ಮುಟ್ಟುವವರೆಗೆ ಮನೆ ಗುಡಿಸಬಾರದು ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಅದನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಗಣಿತದ ಟೀಚರ್, ಬೇರೆ ಯಾವುದನ್ನೂ ನಂಬುವುದಿಲ್ಲ. ನಾನು ಮೂರೂವರೆಗೆ ಮನೆ ಬಿಟ್ಟರೆ ಇಳಿದೆ ಅಂತ ಫೋನು ಬರುವವರೆಗೆ ಪೊರಕೆ ಮುಟ್ಟುತ್ತಿರಲಿಲ್ಲ. ಅತಿಥಿಗಳು ಬಂದರೂ ಅಷ್ಟೇ.

2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ನಮ್ಮದೇ ಮಾದರಿಯ ವಿಮಾನ ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು. ಒಳಗೆ 29 ಜನ. ಸಮುದ್ರದ ತಳದಲ್ಲಿ ಅದರ ಚೂರುಗಳು ಸಿಕ್ಕಿವೆ ಅಂತ ಗೊತ್ತಾದದ್ದು 2024ರ ಜನವರಿಯಲ್ಲಿ. ಏಳೂವರೆ ವರ್ಷ. ಆ ಮನೆಗಳಲ್ಲಿ ಪೊರಕೆ ಯಾವಾಗ ಎತ್ತಿದರೋ ಅಂತ ಅವಳು ಒಮ್ಮೆ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. 2019ರ ಜೂನ್ 3ರಂದು ಇನ್ನೊಂದು. ಜೋರ್ಹಾಟ್‌ನಿಂದ ಅರುಣಾಚಲದ ಮೆಚುಕಾಕ್ಕೆ ಹೊರಟದ್ದು, 13 ಜನ. ಆ ದಾರಿಯಲ್ಲಿ ನಾನು ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಲ್ಲ. ಮೋಡ ತುಂಬಿದ ಕಣಿವೆ ಅದು. ಅವಶೇಷ ಕಾಣಲು ಎಂಟು ದಿನ ಬೇಕಾಯಿತು. ಆ ಎಂಟು ದಿನ ನಾನು ರಜೆಯ ಮೇಲೆ ಚಂಡೀಗಢದ ಮನೆಯಲ್ಲೇ ಕೂತಿದ್ದೆ, ಅವಳ ಕಣ್ಣೆದುರಿಗೇ. ಆದರೂ ಅವಳು ಗುಡಿಸಲಿಲ್ಲ. ಮೂಲೆಯಲ್ಲಿ ಧೂಳು, ಮಗನ ಪೆನ್ಸಿಲ್ ಚೂರು, ತಲೆಕೂದಲು. ನಾನೂ ಏನೂ ಹೇಳಲಿಲ್ಲ.

ಅದೇ ವರ್ಷ ಕೊನೆಗೆ ಅಪ್ಪನ ಕಿಡ್ನಿ ಕೈಕೊಟ್ಟಿತು. ಅವಳು ಮಗನನ್ನು ಕರೆದುಕೊಂಡು ಊರಿಗೆ ಬಂದಳು, ನಾನು ಅಲ್ಲೇ ಉಳಿದೆ. ವಾರಕ್ಕೆ ಎರಡು ಸಲ ಮಂಗಳೂರಿಗೆ ಡಯಾಲಿಸಿಸ್. 2020ರ ಮಾರ್ಚಿನಲ್ಲಿ ಏನಾಯಿತು ಅಂತ ನಿಮಗೆ ಗೊತ್ತು. ಕೊರೊನಾ ಅಂತ ಕರ್ನಾಟಕದ ಗಡಿ ಮುಚ್ಚಿತು. ತಲಪಾಡಿ ಬಂದ್, ಸಾರಡ್ಕ ಬಂದ್, ಒಳದಾರಿಗಳಿಗೆ ಮಣ್ಣು ಸುರಿದರು. ಆ ವಾರ ನಾನು ಮಾಸ್ಕು, ಟೆಸ್ಟ್ ಕಿಟ್ಟು ತುಂಬಿಸಿಕೊಂಡು ಹಿಮಾಲಯದ ಮೇಲೆ ಹೋಗಿ ಬರುತ್ತಿದ್ದೆ. ಕಾಗದದಲ್ಲಿ ಸಹಿ ಹಾಕಿದರೆ ಎಂಥ ಗಡಿಯಲ್ಲೂ ಇಳಿಯಬಹುದಿತ್ತು. ನನ್ನ ಅಪ್ಪನಿಗೆ ಮಾತ್ರ ಸೊಸೆಯ ತವರಿಗೆ ಹೋಗುವಷ್ಟು ದೂರ ದಾಟಲು ಆಗಲಿಲ್ಲ. ಅವಳು ತನ್ನ ಅರೆಬರೆ ಮಲಯಾಳದಲ್ಲಿ ಹದಿನೇಳು ಕಡೆ ಫೋನು ಮಾಡಿ, ಕಣ್ಣೂರಿನ ಕಡೆಗೆ ಒಂದು ಆಂಬುಲೆನ್ಸ್ ಹಿಡಿದಳು. ಫಾರಂ ಓದಲು ಬರಲಿಲ್ಲ. ಡ್ರೈವರ್ ಓದಿ ಹೇಳಿದ, ಅವಳು ತುಂಬಿಸಿದಳು. ಅಪ್ಪ ಇನ್ನೂ ಒಂದೂವರೆ ವರ್ಷ ಇದ್ದರು. ಆ ಒಂದೂವರೆ ವರ್ಷದಲ್ಲಿ ಅವಳು ಮಲಯಾಳ ಓದಲು ಕಲಿತಳು. ಈಗ ನಮ್ಮ ಗುಡ್ಡೆಯ ಎಂಟು ಮನೆಗಳಿಗೆ ಪೆನ್ಷನ್ ಕಾಗದ, ಆಸ್ಪತ್ರೆ ಕಾಗದ ಓದಿ ಹೇಳುವವಳು ಅವಳೇ. ನನಗೂ.

ಅವಳನ್ನು ನೀವು ಫೋಟೋದಿಂದ ಕತ್ತರಿಸಿದ್ದೀರಿ.

ಈಗ ಬೇಡಿಕೆಗೆ ಬರುತ್ತೇನೆ. ತಿರುವಿನಲ್ಲಿ ನನ್ನ ಹೆಸರಿನಲ್ಲಿ ಸಿಮೆಂಟಿನ ಸ್ವಾಗತ ಕಮಾನು ಕಟ್ಟುವುದು, ಅದಕ್ಕೆ ದುಡ್ಡು ಒಟ್ಟು ಮಾಡುವುದು ಅಂತ ಮೀಟಿಂಗಿನಲ್ಲಿ ತೀರ್ಮಾನ ಆಗಿದೆಯಂತೆ. ಕಮಾನು ಬೇಡ. ಕಮಾನಿನ ಕೆಳಗೆ ಹೋಗಿ ಮುಟ್ಟುವುದು ಎಲ್ಲಿಗೆ? ತೋಡಿನ ಬದಿಯಲ್ಲಿ ರಸ್ತೆಯೇ ಮುಗಿಯುತ್ತದೆ. ಅಲ್ಲಿಂದ ಮೇಲೆ ಮುನ್ನೂರು ಮೀಟರ್ ಮುರಕಲ್ಲಿನ ಏರು. ಪದವಿನ ಮೇಲೆ ನನ್ನ ಜೊತೆ ಓಡಿ ಹೆಲಿಕಾಪ್ಟರಿಗೆ ಕೈ ಬೀಸಿದ ಗೆಳೆಯನ ಮನೆ ಆ ಏರಿನ ತುದಿಯಲ್ಲಿದೆ. ಅವನ ಮಗ 1999ರಲ್ಲಿ ಹುಟ್ಟಿದವನು. ಇವತ್ತಿಗೂ ಕುತ್ತಿಗೆ ನಿಲ್ಲುವುದಿಲ್ಲ. ಯಾವುದರಿಂದ ಏನಾಯಿತು ಅಂತ ಹೇಳಲು ನಾನು ಡಾಕ್ಟರ್ ಅಲ್ಲ. ನನಗೆ ಗೊತ್ತಿರುವುದು ಇಷ್ಟು: ಇಂಥ ಮಕ್ಕಳಿಗಾಗಿಯೇ ಇರುವ ಬಡ್ಸ್ ಶಾಲೆಯ ಗಾಡಿ ತೋಡಿನ ಬದಿಯಲ್ಲಿ ನಿಲ್ಲುತ್ತದೆ. ಅವನಮ್ಮ ಆ ಮಗನನ್ನು ಸೊಂಟಕ್ಕೆ ಏರಿಸಿಕೊಂಡು ಇಳಿಯುತ್ತಾಳೆ, ಸಂಜೆ ಹಾಗೆಯೇ ಹತ್ತುತ್ತಾಳೆ. ಮಳೆಗಾಲದಲ್ಲಿ ಶಾಲೆಗೇ ಕಳಿಸುವುದಿಲ್ಲ, ಜಾರುತ್ತದೆ. ಅವನ ತೂಕ 38 ಕಿಲೋ. ಲೋಡ್ ನೋಡಿದರೆ ತೂಕ ಕೇಳುವ ಚಟ ನನಗೆ, ಅದಕ್ಕೇ ಗೊತ್ತು.

ಆ ಮುನ್ನೂರು ಮೀಟರಿಗೆ ಕಾಂಕ್ರೀಟು ಹಾಕೋಣ. ಕಮಾನಿಗೆ ಎತ್ತಿದ ದುಡ್ಡಿಗೆ ನನ್ನ ಎರಡು ತಿಂಗಳ ಪಿಂಚಣಿ ಸೇರಿಸುತ್ತೇನೆ. ಸಾಲದಿದ್ದರೆ ಪಂಚಾಯತಿಗೆ ಅರ್ಜಿ ಬರೆಯುವ ಕೆಲಸ ನನ್ನ ಹೆಂಡತಿಯದ್ದು. ಮಲಯಾಳದಲ್ಲೇ ಬರೆಯುತ್ತಾಳೆ.

ಮತ್ತೆ ಮೂರು ಹೆಣ್ಣುಮಕ್ಕಳು ನನ್ನ ಹತ್ತಿರ ಬಂದಿದ್ದರು, ನಮ್ಮ ಕನ್ನಡ ಶಾಲೆಯವರು. ಹುಡುಗಿಯರನ್ನೂ ಸೇರಿಸಿಕೊಳ್ಳುತ್ತಾರಾ ಅಂತ ಕೇಳಿದರು. ಖಡಕ್‌ವಾಸ್ಲಾದಿಂದ ಹುಡುಗಿಯರ ಮೊದಲ ತಂಡ 2025ರ ಮೇ ತಿಂಗಳಲ್ಲಿ ಹೊರಬಂತು, 17 ಜನ. ಸೈನಿಕ ಶಾಲೆಯ ಆರನೇ ಕ್ಲಾಸಿನ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಒಂಬತ್ತನೆಯದ್ದಕ್ಕೆ ಇಂಗ್ಲಿಷ್ ಮಾತ್ರ, ಹಾಗಾಗಿ ಬೇಗ ಹೊರಡಬೇಕು. ನಮಗೆ ಕಷ್ಟ ಎಲ್ಲಿ ಅಂದರೆ, ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವ ಕೊಡಗಿನ ಕೂಡಿಗೆಯ ಶಾಲೆಯಲ್ಲಿ ನಾವು ಹೊರ ರಾಜ್ಯದವರು. 67 ಶೇಕಡಾ ಸೀಟು ಆಯಾ ರಾಜ್ಯದವರಿಗೆ. ನಮ್ಮ ಕೇರಳದ ಹಳೆಯ ಸೈನಿಕ ಶಾಲೆ ಇರುವುದು ತಿರುವನಂತಪುರದ ಹತ್ತಿರ ಕಳಕ್ಕೂಟ್ಟಂನಲ್ಲಿ, 550 ಕಿಲೋಮೀಟರಿಗೂ ಜಾಸ್ತಿ ದೂರ. ಆದರೂ ಎರಡೂ ಕಡೆಯ ಲೆಕ್ಕ ನೋಡಿ ಅರ್ಜಿ ಹಾಕಿಸೋಣ. ಶನಿವಾರ ಸಂಜೆ ನಮ್ಮ ಚಾವಡಿಗೆ ಕಳಿಸಿ. ಗಣಿತ ಅವಳು ಹೇಳುತ್ತಾಳೆ. ಉಳಿದದ್ದು ನಾನು. ನನ್ನ ಗಣಿತ ಅವಳಿಗೆ ಸಾಲುವುದಿಲ್ಲ.

ಸನ್ಮಾನ ಮಾಡಲೇಬೇಕು ಅಂತಿದ್ದರೆ ಒಂದು ಶಾಲು ಸಾಕು, ಅವಳಿಗೆ. ಅವಳು ಬರುವುದಿಲ್ಲ ಅನ್ನುತ್ತಿದ್ದಾಳೆ. ನೀವೇ ಮನೆಗೆ ಬಂದು ಕರೆಯಿರಿ. ಬೆಳಿಗ್ಗೆ ಬೇಗ ಬರಬೇಡಿ, ನಾನು ಬೈಕಿನಲ್ಲಿ ತೋಟದಿಂದ ಮರಳುವವರೆಗೆ ಮನೆ ಗುಡಿಸಿರುವುದಿಲ್ಲ. ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಆ ಅಭ್ಯಾಸ ಹೋಗಿಲ್ಲ. ಹತ್ತರ ಮೇಲೆ ಬನ್ನಿ.

ಫ್ಲೆಕ್ಸ್ ಎಸೆಯಬೇಡಿ. ದಪ್ಪ ಚೆನ್ನಾಗಿದೆ. ಈ ಸಲ ಮಳೆ ಬೇಗ ಬಂದರೆ ಅಂಗಳದ ಅಡಿಕೆಗೆ ಹೊದಿಸಬಹುದು. ಕಟ್ಟು ಬಿಚ್ಚುವಾಗ ಆ ಹಸಿರು ಅಂಚಿನ ಬದಿ ಹರಿಯದ ಹಾಗೆ ನೋಡಿಕೊಳ್ಳಿ.

ಇತಿ,
ನಿಮ್ಮೂರಿನ ಲಾರಿ ಡ್ರೈವರ್,
ವಿಂಗ್ ಕಮಾಂಡರ್ (ನಿವೃತ್ತ)